ಕತ್ತಿನಲ್ಲಿದ್ದ ಬೆಳ್ಳಿ ಕೊಳವೆ

ನಾನು ನಿಂತಿದ್ದದ್ದು ಕೋಲಾರದ ಒಂದು ಆಸ್ಪತ್ರೆಯ ಹಿಂಭಾಗದಲ್ಲಿದ್ದ ಒಂಟಿ ಕೊಠಡಿಯ ಹೊರಗೆ, ಪೂರ್ವದ ಕಿಟಕಿಯ ಬಳಿ. ಯುದ್ಧ ಶುರುವಾದ ಮೇಲೆ ಬಂದ ನಾಲ್ಕನೆಯ ಚಳಿಗಾಲ. ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ಬಿಸಿಲು ಆಗ ತಾನೇ ಹೊಂಗೆಮರದ ತಲೆ ಮುಟ್ಟಿತ್ತು, ಕಿಟಕಿಗೆ ಇಳಿದಿರಲಿಲ್ಲ. ಕಿಟಕಿಗೆ ಕಬ್ಬಿಣದ ಸರಳು, ಒಳಗಡೆ ಗಾಜಿನ ಬಾಗಿಲು, ಅದು ಮುಚ್ಚಿತ್ತು. ನನಗೂ ಮಗುವಿನ ಮಂಚಕ್ಕೂ ನಡುವೆ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗ. ಅಡ್ಡ ಯಾರೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಈ ಸಂಗತಿಯನ್ನು ನಮ್ಮ ಕಡೆ ಹಲವರು ಹಲವು ಬಗೆಯಲ್ಲಿ ಹೇಳಿದರು. ಹೇಳಿದವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ಮಗು ನನ್ನ ಅಕ್ಕನದು, ನಾಲ್ಕು ವರ್ಷದ ಹುಡುಗಿ. ಅಕ್ಕನನ್ನು ಕೊಟ್ಟಿದ್ದದ್ದು ಮುಳಬಾಗಿಲು ತಾಲ್ಲೂಕಿನಲ್ಲಿ, ಕುರುಡುಮಲೆ ಕಡೆಯ ಒಂದು ಹಳ್ಳಿಗೆ. ಭಾವ ಮಿಲಿಟರಿ ಸೇರಿ ಎಲ್ಲೋ ದೂರದಲ್ಲಿ ಲಾರಿ ಓಡಿಸುತ್ತಿದ್ದರು. ಮನೆಯಲ್ಲಿ ಅಕ್ಕ, ಮಗು ಮತ್ತು ಅಕ್ಕನ ಅತ್ತೆ, ಅಂದರೆ ಮಗುವಿನ ಅಜ್ಜಿ. ನಾನು ಮಾಲೂರಿನಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಅವರೆಕಾಯಿಯ ಕಾಲ ಬಂದರೆ ಒಂದೆರಡು ದಿನ ಅಕ್ಕನ ಮನೆಗೆ ಹೋಗಿಬರುವ ಪದ್ಧತಿ ಇಟ್ಟುಕೊಂಡಿದ್ದೆ. ಆ ಸಲ ಹೋದಾಗ ಮಗುವಿಗೆ ಜ್ವರ, ಕೆಮ್ಮು. ಕೆಮ್ಮು ನಾಯಿ ಬೊಗಳಿದ ಹಾಗೆ ಕೇಳಿಸುತ್ತಿದ್ದದ್ದರಿಂದ ನಾಯಿಕೆಮ್ಮು ಎಂದು ಬೀದಿಯವರೆಲ್ಲ ತೀರ್ಮಾನ ಮಾಡಿದ್ದರು. ಅಜ್ಜಿ ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ ಕುಡಿಸಿದ್ದರು, ಎದೆಗೆ ಹರಳೆಣ್ಣೆ ಸವರಿ ಬಿಸಿ ವೀಳ್ಯದೆಲೆ ಇಟ್ಟಿದ್ದರು, ತಲೆಗೆ ಕುಲಾವಿ ಹಾಕಿ ಕತ್ತಿಗೆ ಬಟ್ಟೆ ಸುತ್ತಿದ್ದರು.

ನಮ್ಮ ಸೀಮೆಯ ಗಂಡಸು ಮಾಗಿಯ ಬೆಳಗಿನಲ್ಲಿ ಬರಿಗಾಲಿನಲ್ಲಿ, ಹರಿದ ಅಂಗಿಯಲ್ಲಿ ಹೊಲಕ್ಕೆ ಹೋದಾನು. ಕಿವಿ ಕತ್ತು ಸುತ್ತಿಕೊಳ್ಳದೆ ಮಾತ್ರ ಹೋಗುವುದಿಲ್ಲ. ತಂಡಿ ಮೈಯೊಳಗೆ ಹೊಗುವುದು ಅಲ್ಲಿಂದಲೇ ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಎರಡನೆಯ ಬೆಳಿಗ್ಗೆ ಮಗುವಿನ ಉಸಿರು ಗರಗಸದ ಸದ್ದು ಮಾಡತೊಡಗಿತು. ಒಳಗೆಳೆದುಕೊಂಡಾಗ ಕತ್ತಿನ ಕೆಳಗಿನ ಗುಳಿ ಬೆರಳು ಇಡುವಷ್ಟು ಒಳಗೆ ಹೋಗುತ್ತಿತ್ತು. ಪಕ್ಕೆಲುಬುಗಳ ನಡುವಿನ ಚರ್ಮವೂ ಹಾಗೆಯೇ. ತುಟಿಯ ಅಂಚು ನೇರಳೆ ಬಣ್ಣಕ್ಕೆ ತಿರುಗಿತ್ತು. ಅಕ್ಕ ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಮುಳಬಾಗಿಲಿನವರೆಗೆ ಗಾಡಿ, ಅಲ್ಲಿಂದ ಕೋಲಾರಕ್ಕೆ ಬಸ್ಸು.

ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಏರು ಸಿಕ್ಕಿದಾಗ ಬಸ್ಸು ನಿಂತೇಬಿಟ್ಟಿತು. ಕಂಡಕ್ಟರು ಎಲ್ಲರನ್ನೂ ಇಳಿಸಿದ.

"ಯಾವನೂ ಕೈ ಕಟ್ಕೊಂಡು ನಿಂತ್ಕೋಬೇಡಿ. ಒಳಗೆ ಮಗು ಐತೆ, ತಳ್ರಪ್ಪಾ. ರೇಷ್ಮೆ ಅಂಗಿ ಯಜಮಾನ್ರೇ, ನೀವೂನೂ."

"ಚಾರ್ಜು ಕೊಟ್ಟು ತಳ್ಬೇಕೇನೋ ನಾವು?"

"ಕೊಟ್ಟಿದ್ದು ಕೂತ್ಕೊಳ್ಳಾಕೆ. ತಳ್ಳೋದು ಪುಕ್ಕಟೆ ಸಾಮಿ."

ಎಲ್ಲರೂ ತಳ್ಳಿದರು. ರೇಷ್ಮೆ ಅಂಗಿಯವರೂ ತಳ್ಳಿದರು. ನಾನು ತಳ್ಳುತ್ತ ಕಿಟಕಿಯಿಂದ ಬರುವ ಆ ಗರಗಸದ ಸದ್ದನ್ನೇ ಕೇಳುತ್ತಿದ್ದೆ. ಅದು ಕೇಳುತ್ತಿರುವವರೆಗೆ ಸರಿ ಎಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿದರು. ಗಂಟಲಿನ ಹಿಂದೆ ಬೂದುಬಣ್ಣದ ಪೊರೆ ಹಬ್ಬಿತ್ತು, ಕೆನೆ ಒಣಗಿ ಪಾತ್ರೆಗೆ ಅಂಟಿಕೊಂಡ ಹಾಗೆ. "ನಾಯಿಕೆಮ್ಮಲ್ಲ ಇದು. ಗಂಟಲಮಾರಿ, ಡಿಫ್ತೀರಿಯಾ," ಎಂದರು. ಅದಕ್ಕೆ ಕೊಡುವ ಸೀರಮ್ಮಿನ ಸೂಜಿಯನ್ನು ಚುಚ್ಚಿದರು. ಆದರೆ ಸೂಜಿ ಕೆಲಸ ಮಾಡುವುದಕ್ಕೆ ಹೊತ್ತು ಬೇಕು. ಅಷ್ಟು ಹೊತ್ತು ಮಗುವಿನಲ್ಲಿ ಉಳಿದಿರಲಿಲ್ಲ. ಕತ್ತಿನ ಮುಂಭಾಗದಲ್ಲಿ, ಪೊರೆ ಕಟ್ಟಿದ ಜಾಗದ ಕೆಳಗೆ, ಉಸಿರಿನ ನಾಳಕ್ಕೆ ಕೊಯ್ದು ಕೊಳವೆ ಇಡಬೇಕು ಎಂದರು. ಅಕ್ಕ "ಇಡಿ" ಎಂದಳು. ಅಷ್ಟೇ.

ಅವರು ಕೊಯ್ದದ್ದನ್ನು ನಾನು ನೋಡಿಲ್ಲ. ಆದರೆ ಮುಚ್ಚಿದ ಬಾಗಿಲಿನ ಆಚೆಯಿಂದ ಗರಗಸದ ಸದ್ದು ನಿಂತದ್ದನ್ನು ಕೇಳಿದೆ. ನಿಂತ ಮೇಲೆ ಏನೂ ಇಲ್ಲ. ಆಮೇಲೆ ಸುಯ್ ಎಂದು, ಕಮ್ಮಾರನ ತಿದಿಯಿಂದ ಗಾಳಿ ನುಗ್ಗಿದ ಹಾಗೆ, ಒಂದು ಸದ್ದು. ಮತ್ತೊಂದು. ಬಾಗಿಲು ತೆರೆದು ನರ್ಸು ಹೊರಗೆ ಬಂದರು. ಎತ್ತರದ ಮೈಕಟ್ಟು, ಕನ್ನಡಕ, ನನಗಿಂತ ಕೆಲವೇ ವರ್ಷ ದೊಡ್ಡವರು.

"ನಿಮ್ಮ ಮಗು ಈಗ ಕತ್ತಿನಿಂದ ಉಸಿರಾಡ್ತಾ ಇದೆ. ಬಂದು ನೋಡಿ. ಮೇಷ್ಟ್ರೇ, ತಲೆ ತಿರುಗೋದಾದ್ರೆ ಗೋಡೆ ಪಕ್ಕ ಹೋಗಿ ಬೀಳಿ. ದಾರೀಲಿ ಬಿದ್ರೆ ನನಗೆ ಇಬ್ಬರು ಪೇಷೆಂಟು ಆಗ್ತಾರೆ."

ಮಗುವಿನ ಮುಖಕ್ಕೆ ಬಣ್ಣ ಬಂದಿತ್ತು. ಕತ್ತಿನಲ್ಲಿ ಸಣ್ಣ ಬೆಳ್ಳಿ ಕೊಳವೆ, ಅದನ್ನು ಹಿಡಿದ ಬಿಳಿ ಲಾಡಿ. ಕಣ್ಣು ಬಿಟ್ಟುಕೊಂಡು ನಮ್ಮನ್ನು ನೋಡುತ್ತಿತ್ತು. ಅಳುತ್ತಲೂ ಇತ್ತು: ಬಾಯಿ ತೆರೆದಿತ್ತು, ಕಣ್ಣೀರು ಇಳಿಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಗಾಳಿಯೆಲ್ಲ ಕತ್ತಿನಿಂದಲೇ ಹೊರಟುಹೋಗುವುದರಿಂದ ಸ್ವರ ಹುಟ್ಟುವುದಿಲ್ಲ, ಕೊಳವೆ ತೆಗೆದ ಮೇಲೆ ಬರುತ್ತದೆ ಎಂದು ನರ್ಸು ಹೇಳಿದರು. ಸದ್ದಿಲ್ಲದೆ ಅಳುವ ಮಗುವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮಗುವನ್ನು ಹಿಂದಿನ ಒಂಟಿ ಕೊಠಡಿಗೆ ಸೇರಿಸಿದರು. ಒಳಗೆ ಮನೆಯವರಲ್ಲಿ ಒಬ್ಬರು ಮಾತ್ರ ಇರಬಹುದು. ನನಗೆ ಪ್ರವೇಶವೇ ಇಲ್ಲ.

"ನೀವು ದಿನಾ ಮಕ್ಕಳ ಮಧ್ಯೆ ಇರೋರು," ಎಂದರು ನರ್ಸು. "ಇಲ್ಲಿಂದ ತಗೊಂಡು ಹೋಗಿ ಮಾಲೂರಿನ ಮಕ್ಕಳಿಗೆಲ್ಲ ಹಂಚಿದ್ರೆ? ಕಿಟಕಿ ಆಚೆ ನಿಂತ್ಕೊಂಡು ಎಷ್ಟು ಬೇಕಾದ್ರೂ ನೋಡಿ."

ನಾನು ರಜೆ ಬರೆದು ಕಳಿಸಿ, ನಿಂತು ನೋಡಿದೆ. ನೋಡಿದಷ್ಟೂ ನೋಡಬೇಕೆನಿಸುವ ಕೆಲಸ ಆ ನರ್ಸಿನದು. ಮಂಚದ ನಾಲ್ಕು ಮೂಲೆಗೆ ಕೋಲು ಕಟ್ಟಿ, ಮೇಲೆ ದುಪ್ಪಟಿ ಹೊದಿಸಿ ಗುಡಾರ ಮಾಡಿದ್ದರು. ವರಾಂಡದ ಇದ್ದಿಲ ಒಲೆಯಲ್ಲಿ ಉದ್ದ ಮೂತಿಯ ಕೆಟಲು ಕುದಿಸಿ ತಂದು, ಆ ಮೂತಿಯನ್ನು ಗುಡಾರದೊಳಗೆ ತೂರಿಸಿ ಆವಿ ಬಿಡುತ್ತಿದ್ದರು. ಮೂಗಿನಿಂದ ಹೋಗುವ ಗಾಳಿಯನ್ನು ಮೂಗೇ ಬೆಚ್ಚಗೆ, ಒದ್ದೆಯಾಗಿ ಮಾಡಿಕೊಳ್ಳುತ್ತದೆ; ಕತ್ತಿನ ತೂತಿಗೆ ಆ ಅನುಕೂಲ ಇಲ್ಲ. ಅದಕ್ಕೇ ಆವಿ. ಅದಕ್ಕೇ ಕೊಳವೆಯ ಬಾಯಿಯ ಮೇಲೆ ತೆಳ್ಳನೆಯ ಒದ್ದೆ ಬಟ್ಟೆ. ಕೊಳವೆಯೊಳಗೆ ಇನ್ನೊಂದು ಕೊಳವೆ ಇತ್ತು. ಕಫ ಕಟ್ಟಿಕೊಂಡಾಗ ಒಳಗಿನದನ್ನು ಮಾತ್ರ ಎಳೆದು, ಸೋಡಾ ಪುಡಿ ಹಾಕಿದ ಬಿಸಿನೀರಿನಲ್ಲಿ ತೊಳೆದು, ಮತ್ತೆ ಸೇರಿಸುತ್ತಿದ್ದರು. ಕಫ ಇನ್ನೂ ಕೆಳಗಿದ್ದರೆ ಕುದಿಸಿಟ್ಟ ಕೋಳಿಗರಿ. ಗರಿಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಕೊಳವೆಯಲ್ಲಿ ಇಳಿಸಿ, ಬೆರಳಿನಲ್ಲಿ ಒಂದು ಸುತ್ತು ತಿರುವಿ ಮೇಲಕ್ಕೆ ಎಳೆಯುತ್ತಿದ್ದರು. ಮಗು ಕೆಮ್ಮುತ್ತಿತ್ತು, ಕಫ ಕೊಳವೆಯಿಂದ ಚಿಮ್ಮುತ್ತಿತ್ತು, ಉಸಿರು ಮತ್ತೆ ಹಗುರವಾಗುತ್ತಿತ್ತು. ಪ್ರತಿ ಸಲವೂ ನಾನು ಕಿಟಕಿಯ ಸರಳು ಹಿಡಿದುಕೊಂಡಿರುತ್ತಿದ್ದೆ.

ಮಗು ಕೂಗಲಾರದು ಎಂಬುದಕ್ಕೂ ನರ್ಸು ದಾರಿ ಕಂಡುಕೊಂಡರು. "ಕಾಲಿನ ಗೆಜ್ಜೆ ಬಿಚ್ಚಿ ಕೈಗೆ ಕಟ್ಟಿ," ಎಂದು ಅಕ್ಕನಿಗೆ ಹೇಳಿದರು. ಅಕ್ಕ ಕಟ್ಟಿದಳು. "ನೋಡು ಪುಟ್ಟಿ, ಏನು ಬೇಕಾದ್ರೂ ಕೈ ಆಡಿಸು. ನಾನು ಬರ್ತೀನಿ." ಮೊದಲ ದಿನವೇ ಮಗು ಅದನ್ನು ಆಟ ಮಾಡಿಕೊಂಡಿತು. ಆಡಿಸುವುದು, ನರ್ಸು ಓಡಿ ಬಂದ ಮೇಲೆ ಮುಖ ನೋಡಿ ನಗುವುದು. "ಕಳ್ಳಿ," ಎಂದು ಹೇಳಿ ಅವರು ಹೋಗುತ್ತಿದ್ದರು. ಮತ್ತೆ ಆಡಿಸಿದರೆ ಮತ್ತೆ ಬರುತ್ತಿದ್ದರು. ಒಂದು ಸಲವೂ "ಸುಮ್ನೆ ಕರೀಬೇಡ" ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ.

ಹೀಗಿರುವಾಗ ಊರಿನಿಂದ ಅಜ್ಜಿ ಬಂದರು. ಗಂಟಿನಲ್ಲಿ ಹುರಿಗಡಲೆ, ಒಂದು ಸೇರು ಅವರೆಕಾಳು, ಮಗ ಮಿಲಿಟರಿಯಿಂದ ತಂದುಕೊಟ್ಟಿದ್ದ ಹಸಿರು ಉಣ್ಣೆಯ ಮಫ್ಲರು. ಕಿಟಕಿಯಿಂದ ಮೊಮ್ಮಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಏನಪ್ಪಾ ಮೇಷ್ಟ್ರೇ, ಕತ್ತಿಗೆ ಒದ್ದೆ ಬಟ್ಟೆ ಹಾಕವ್ರಲ್ಲ. ಈ ಚಳೀಲಿ."

"ಅದು ಹಾಗೇ ಇರಬೇಕಂತೆ ಅತ್ತೆ."

"ಯಾರು ಹೇಳಿದ್ದು?"

"ನರ್ಸಮ್ಮ."

"ಅವಳಿಗೆ ಮಕ್ಕಳೈತಾ?"

ಇಲ್ಲ ಎಂದೆ. ಅಜ್ಜಿ ಮತ್ತೆ ಕಿಟಕಿಯ ಕಡೆ ತಿರುಗಿದರು.

ಮಾರನೆಯ ಬೆಳಿಗ್ಗೆ, ನಾನು ಮೊದಲು ಹೇಳಿದ ಆ ಬೆಳಿಗ್ಗೆ, ಅಕ್ಕನ ಕಣ್ಣು ಕೆಂಡವಾಗಿತ್ತು. ಅವಳು ಸ್ನಾನ ಮಾಡಿ, ಒಂದಿಷ್ಟು ಮಲಗಿ ಬರಲಿ ಎಂದು ನರ್ಸೇ ಹೊರಗೆ ಕಳಿಸಿ, ಅಜ್ಜಿಗೆ ಕೈ ತೊಳೆಸಿ ಒಳಗೆ ಕೂರಿಸಿದರು. ಕತ್ತಿನ ಕಡೆ ಕೈ ಹಾಕಬಾರದು ಎಂದು ಹೇಳಿದರು. ಅಜ್ಜಿ ತಲೆಯಾಡಿಸಿದರು. ಕೆಟಲಿನ ನೀರು ಆರಿತ್ತು. ನರ್ಸು ಅದನ್ನು ಎತ್ತಿಕೊಂಡು ವರಾಂಡದ ಒಲೆಯ ಕಡೆ ಹೋದರು. ಗುಡಾರದ ದುಪ್ಪಟಿ ಒಂದು ಬದಿ ಮೇಲೆತ್ತಿತ್ತು. ಗಾಜಿಗೆ ಆವಿ ಕಟ್ಟಿತ್ತು. ನನಗೆ ಮಗು ಕಾಣಲೆಂದು ಅಜ್ಜಿಯೇ ಎದ್ದು ಬಂದು ಸೆರಗಿನಿಂದ ಗಾಜು ಒರೆಸಿದರು. ಒರೆಸುವಾಗ ಗಾಜಿನ ತಣುಪು ಕೈಗೆ ತಾಗಿರಬೇಕು. ಬೆರಳುಗಳನ್ನು ಉಜ್ಜಿಕೊಂಡರು. ಹೋಗಿ ಮಗುವಿನ ಪಕ್ಕ ಕುಳಿತರು. ಕೊಳವೆಯ ಮೇಲಿನ ಒದ್ದೆ ಬಟ್ಟೆಯನ್ನು ಒಂದು ಬೆರಳಿನಲ್ಲಿ ಮುಟ್ಟಿ ನೋಡಿದರು. ಆವಿ ನಿಂತಿದ್ದರಿಂದ ಅದು ತಣ್ಣಗಾಗಿತ್ತು ಎಂದು ನನ್ನ ಊಹೆ. ಊಹೆ ಎಂದೇ ಬರೆಯುತ್ತೇನೆ.

ಅವರು ಆ ಬಟ್ಟೆಯನ್ನು ತೆಗೆದು ಪಕ್ಕಕ್ಕೆ ಇಟ್ಟರು. ತಮ್ಮ ಹೆಗಲಿನ ಮೇಲಿದ್ದ ಮಫ್ಲರನ್ನು ತೆಗೆದು, ಎರಡು ಕೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಮಗುವಿನ ತಲೆಯನ್ನು ಮೆಲ್ಲಗೆ ಎತ್ತಿ, ಕತ್ತಿಗೆ ಎರಡು ಸುತ್ತು ಸುತ್ತಿದರು. ತುದಿಯನ್ನು ಗದ್ದದ ಕೆಳಗೆ ಸಿಕ್ಕಿಸಿದರು. ಬಿಗಿಯಲಿಲ್ಲ. ಸುತ್ತಿದ ಕೈ ಹೇಗಿತ್ತೆಂದರೆ, ಮದುವೆಯಲ್ಲಿ ಹುಡುಗಿಗೆ ಹೂ ಮುಡಿಸುವ ಕೈ ಹಾಗಿರುತ್ತದೆ.

ನನಗೂ ಒಂದು ಗಳಿಗೆ ಏನೂ ಅನ್ನಿಸಲಿಲ್ಲ. ಕೆಮ್ಮಿನ ಮಗು, ಕತ್ತಿಗೆ ಮಫ್ಲರು: ಹುಟ್ಟಿದಾಗಿನಿಂದ ಕಂಡದ್ದು.

ಮಗು ಕೈ ಆಡಿಸಿತು. ಗಾಜಿನ ಆಚೆಗೂ ಗೆಜ್ಜೆ ಕೇಳಿಸಿತು. ಅಜ್ಜಿ ನಕ್ಕರು. ಗೆಜ್ಜೆ ಜೋರಾಯಿತು. ಮಗು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅಜ್ಜಿಯೂ ಬಾಗಿ ಹಾಗೆಯೇ ಬಾಯಿ ಮಾಡಿ ಆಡಿಸಿದರು. ಆಮೇಲೆ ಮಗು ಎರಡು ಕಾಲನ್ನೂ ಹಾಸಿಗೆಗೆ ಬಡಿಯಿತು. ಅದರ ಕಣ್ಣು ಅಜ್ಜಿಯನ್ನು ಬಿಟ್ಟು ಕಿಟಕಿಗೆ ಬಂತು, ನನ್ನ ಮೇಲೆ ನಿಂತಿತು. ಆಗ ತುಟಿ ನೋಡಿದೆ. ಬಸ್ಸು ಹತ್ತುವಾಗ ಇದ್ದ ಬಣ್ಣ.

ನಾನು ಸರಳಿನ ನಡುವೆ ಕೈ ಹಾಕಿ ಗಾಜು ಬಡಿದೆ. "ಬಿಚ್ಚಿ ಅತ್ತೆ, ಬಿಚ್ಚಿ." ಅಜ್ಜಿ ತಿರುಗಿ ನೋಡಿದರು. ಗಾಜಿನ ಆಚೆಗೆ ನನ್ನ ಮಾತು ಅರ್ಥವಾಗಲಿಲ್ಲ. ಮಗು ಹೇಗಿದೆ ಎಂದು ಕೇಳುತ್ತಿದ್ದೇನೆ ಎಂದುಕೊಂಡರು. ಮಗುವಿನ ಕೈಯನ್ನು ಹಿಡಿದು ಎತ್ತಿ, ಗೆಜ್ಜೆಯನ್ನು ನನಗೆ ತೋರಿಸಿ, ಇನ್ನೊಮ್ಮೆ ನಕ್ಕರು. ಕೈ ಹಿಡಿದದ್ದರಿಂದ ಗೆಜ್ಜೆ ನಿಂತಿತು.

ನಾನು ಕಿಟಕಿ ಬಿಟ್ಟು ಗೋಡೆ ಸುತ್ತಿ ಬಾಗಿಲಿಗೆ ಓಡಿದೆ. ನಾನು ಮೂಲೆ ತಿರುಗುವಾಗ ನರ್ಸು ಆಗಲೇ ವರಾಂಡದಲ್ಲಿ ಓಡುತ್ತಿದ್ದರು. ಕೆಟಲನ್ನು ನೆಲಕ್ಕೆ ಹಾಕಿದ್ದರು, ನೀರು ಚೆಲ್ಲಿ ಹೊಗೆಯಾಡುತ್ತಿತ್ತು. ಜೋರಾಗಿ ಆಡುತ್ತಿದ್ದ ಗೆಜ್ಜೆ ಥಟ್ಟನೆ ನಿಂತದ್ದಕ್ಕೇ ಓಡಿದೆ ಎಂದು ಆಮೇಲೆ ಹೇಳಿದರು. ನಾನು ಹೊಸ್ತಿಲ ಆಚೆಯೇ ನಿಂತೆ. ಉಳಿದದ್ದನ್ನು ಅಲ್ಲಿಂದ ನೋಡಿದೆ.

ಅವರು ಅಜ್ಜಿಯನ್ನು ತಳ್ಳಲಿಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ. "ಸರೀರಿ" ಎಂದರು, ಅಜ್ಜಿ ಸರಿದರು. ಮಫ್ಲರು ಒಂದೇ ಎಳೆತಕ್ಕೆ ಬಿಚ್ಚಿಬಂತು. ಆದರೂ ಕೊಳವೆಯಿಂದ ಸದ್ದು ಬರಲಿಲ್ಲ. ಒಳಕೊಳವೆಯನ್ನು ತಿರುವಿ ಎಳೆದು ತಟ್ಟೆಗೆ ಹಾಕಿದರು. ಸದ್ದು ಬರಲಿಲ್ಲ. ಮಗುವಿನ ಎದೆ ಮೇಲೇಳುವ ಪ್ರಯತ್ನ ಮಾಡುತ್ತಿತ್ತು, ಏನೂ ಒಳಗೆ ಹೋಗುತ್ತಿರಲಿಲ್ಲ. ಕಾಲು ಬಡಿಯುವುದು ನಿಂತಿತ್ತು. ಮುಖ ಸೀಸದ ಬಣ್ಣ.

ನರ್ಸು ಗರಿ ತೆಗೆದುಕೊಂಡರು. ಅವರ ಕೈಯ ವೇಗ ಬೇರೆ ದಿನಗಳಲ್ಲಿ ಹೇಗಿತ್ತೋ ಹಾಗೆಯೇ ಇತ್ತು. ಅದನ್ನು ನೋಡಿ ನನಗೆ ಕೂಗಬೇಕೆನಿಸಿತು. ಗರಿಯನ್ನು ಅದ್ದಿದರು, ಇಳಿಸಿದರು, ತಿರುವಿದರು, ಎಳೆದರು. ಬರಿಯ ಗರಿ ಬಂತು. ಮತ್ತೆ ಅದ್ದಿ, ಮೊದಲಿಗಿಂತ ಆಳಕ್ಕೆ ಇಳಿಸಿ, ತಿರುವಿ, ತಿರುವಿ, ಎಳೆದರು. ಈ ಸಲ ಗರಿಗೆ ಸುತ್ತಿಕೊಂಡು ಒಂದು ಗಟ್ಟಿ ಕಫದ ಎಳೆ ಬಂತು, ಅದರಲ್ಲಿ ಹಸಿರು ಉಣ್ಣೆಯ ನವಿರು. ಹಿಂದೆಯೇ ಮಗು ಕೆಮ್ಮಿತು. ಒಳಗಿದ್ದದ್ದೆಲ್ಲ ಕೊಳವೆಯಿಂದ ಹಾರಿ ನರ್ಸಿನ ಕನ್ನಡಕದ ಮೇಲೆ, ಕೆನ್ನೆಯ ಮೇಲೆ ಬಿತ್ತು.

ಸುಯ್. ಮತ್ತೆ ಸುಯ್.

ನರ್ಸು ಮುಖ ಒರೆಸಿಕೊಳ್ಳಲಿಲ್ಲ. ತೊಳೆದ ಒಳಕೊಳವೆಯನ್ನು ಸೇರಿಸಿ, ಹೊಸ ಒದ್ದೆ ಬಟ್ಟೆ ಹಾಕಿ, ಮಗುವಿನ ತುಟಿ ಕೆಂಪಾಗುವವರೆಗೆ ನೋಡುತ್ತ ನಿಂತು, ಆಮೇಲೆ ಕನ್ನಡಕ ತೆಗೆದರು.

"ಮುಖಕ್ಕೇ ಉಗಿದಳು ನೋಡಿ ಮೇಷ್ಟ್ರೇ. ಇಷ್ಟು ಜೋರು ಇರೋಳು ಎಲ್ಲೂ ಹೋಗಲ್ಲ. ಆ ಬಕೆಟ್ಟು ಇಲ್ಲಿ ತಳ್ಳಿ. ಒಳಗೆ ಬರಬೇಡಿ, ಕಾಲಲ್ಲಿ ತಳ್ಳಿ."

ನಾನು ಕಾಲಿನಲ್ಲಿ ತಳ್ಳಿದೆ. ಅವರು ಮುಖ ತೊಳೆದು, ಔಷಧಿ ನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಅಜ್ಜಿ ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಮಫ್ಲರು ಅವರ ತೊಡೆಯ ಮೇಲಿತ್ತು. ಅಳುತ್ತಿರಲಿಲ್ಲ. "ನಾ ತಲ್ಲಿ, ನಾ ತಲ್ಲಿ," ಎಂದು ತೆಲುಗಿನಲ್ಲಿ ಅದೇ ಎರಡು ಮಾತು. ನನ್ನ ತಾಯಿ, ನನ್ನ ತಾಯಿ.

ಬಯ್ಯುತ್ತಾರೆ ಎಂದುಕೊಂಡೆ. ನರ್ಸು ಅಜ್ಜಿಯ ಕೈ ಹಿಡಿದು ಎಬ್ಬಿಸಿ ಮಂಚದ ಹತ್ತಿರ ತಂದರು. ಅವರ ಅಂಗೈಯನ್ನು ಕೊಳವೆಯ ಮುಂದೆ, ಮುಟ್ಟದ ಹಾಗೆ ಹಿಡಿದರು.

"ಗೊತ್ತಾಗ್ತಾ ಇದೆಯಾ ಅಜ್ಜಿ?"

"ಬಿಸಿಯಾಗಿ ಬತ್ತಾ ಐತೆ."

"ಈಗ ಅವಳ ಮೂಗು ಇದೇ. ಮೂಗು ಇರೋ ಜಾಗ ಬದಲಾಗಿದೆ, ಅಷ್ಟೇ."

ಅಜ್ಜಿ ಅಂಗೈ ತೆಗೆಯದೆ ಬಹಳ ಹೊತ್ತು ನಿಂತರು. "ಮೂಗಿಗೆ ಯಾರಾನ ಬಟ್ಟೆ ಕಟ್ತಾರಾ," ಎಂದರು, ತಮಗೆ ತಾವೇ.

"ಕಟ್ಟಲ್ಲ."

"ಮೊದ್ಲೇ ಹಿಂಗೆ ಹೇಳ್ಬಾರ್ದಾಗಿತ್ತಾ ತಾಯೀ. ಕತ್ತು ಮುಟ್ಬೇಡ ಅಂದ್ರಿ. ಕತ್ತಿನ ವಿಚಾರ ನಂಗೊತ್ತಿಲ್ವಾ ಅಂದ್ಕೊಂಡೆ."

ನರ್ಸು ಸ್ವಲ್ಪ ಯೋಚಿಸಿ, "ಹೌದು, ಹಿಂಗೇ ಹೇಳ್ಬೇಕಾಗಿತ್ತು," ಎಂದರು.

ಅಕ್ಕ ಬಂದಾಗ ನಡೆದದ್ದನ್ನು ಅಜ್ಜಿಯೇ ಹೇಳಿದರು. ಬೇರೆ ಯಾರಿಗೂ ಹೇಳಲು ಬಿಡಲಿಲ್ಲ. ಅಕ್ಕ ಕೇಳಿ, ಮಗುವಿನ ಹತ್ತಿರ ಹೋಗಿ ಅದರ ಉಸಿರು ಕೇಳಿಸಿಕೊಂಡು, ತಿರುಗಿ, "ಊಟ ಮಾಡಿದ್ರಾ ಅತ್ತೆ?" ಎಂದಳು. ಅಂದಿನಿಂದ ಅಜ್ಜಿ ಕೊಠಡಿಯ ಬಾಗಿಲಿನಲ್ಲಿ ಕೂತರು. ನೋಡಲು ಬಂದ ನೆಂಟರ ಹೆಗಲಿನಲ್ಲಿ ಶಾಲು ಕಂಡರೆ ಅದನ್ನು ಕಸಿದು ತಮ್ಮ ಕೆಳಗೆ ಹಾಕಿಕೊಂಡು ಕೂರುತ್ತಿದ್ದರು. "ಹೋಗೋವಾಗ ಈಸ್ಕೋ," ಎನ್ನುತ್ತಿದ್ದರು.

ಗಂಟಲಿನ ಪೊರೆ ಕರಗಿದ ಮೇಲೆ ಡಾಕ್ಟರು ಕೊಳವೆಯ ಬಾಯಿಗೆ ಬೆಂಡಿನ ಬಿರಡೆ ಇಟ್ಟರು, ಮೊದಲು ಅರ್ಧ ಮುಚ್ಚುವಂಥದು, ಆಮೇಲೆ ಪೂರ್ತಿ. ಮಗು ಬಾಯಿಯಿಂದ ಉಸಿರಾಡುವುದನ್ನು ಮರೆತೇಬಿಟ್ಟಿತ್ತು. ಬಿರಡೆ ಇಟ್ಟ ಕೂಡಲೇ ಹೆದರಿ ಕಣ್ಣು ಅಗಲಿಸುತ್ತಿತ್ತು. ನರ್ಸು ಅದರ ಮುಖಕ್ಕೆ ಮುಖವಿಟ್ಟು, ತಾವೇ ದೊಡ್ಡದಾಗಿ ಉಸಿರೆಳೆದು ಬಿಟ್ಟು ತೋರಿಸುತ್ತಿದ್ದರು. ಅಜ್ಜಿಯೂ ಬಾಗಿಲಿನಲ್ಲಿ ಕೂತು ಎಳೆದು ಬಿಡುತ್ತಿದ್ದರು. ಕಿಟಕಿಯಲ್ಲಿ ನಾನೂ.

ಕೊಳವೆ ತೆಗೆದ ದಿನ ಡಾಕ್ಟರು ಕಿಟಕಿಯ ಗಾಜು ತೆರೆಸಿದರು. ಲಾಡಿ ಕತ್ತರಿಸಿ, ಕೊಳವೆ ಎಳೆದು, ತೂತಿನ ಮೇಲೆ ಬಟ್ಟೆ ಒತ್ತಿ ಪಟ್ಟಿ ಹಾಕಿದರು. ಎಲ್ಲರೂ ಮಗುವಿನ ಮೂಗನ್ನೇ ನೋಡುತ್ತಿದ್ದೆವು. ಮೂಗಿನ ಹೊಳ್ಳೆ ಅರಳಿತು. ಇಳಿಯಿತು. ಮತ್ತೆ ಅರಳಿತು. ಎದೆ ತಾನೇ ಏರಿತು, ಇಳಿಯಿತು. ಕತ್ತಿನ ಗುಳಿ ಒಳಗೆ ಹೋಗಲಿಲ್ಲ. ಅಕ್ಕ ನನ್ನ ಕಡೆ ನೋಡಿದಳು. ಅವಳು ನಗುತ್ತಿದ್ದಳು. ಆಸ್ಪತ್ರೆಗೆ ಬಂದ ಮೇಲೆ ಅವಳು ನಕ್ಕದ್ದನ್ನು ಕಂಡದ್ದು ಅದೇ ಮೊದಲು.

ನರ್ಸು ಬಾಗಿದರು. "ಈಗ ಮಾತಾಡು ಪುಟ್ಟಿ. ಏನಾದ್ರೂ ಹೇಳು. ಅಮ್ಮ ಅನ್ನು. ಅಜ್ಜಿ ಅನ್ನು."

ಮಗು ನರ್ಸನ್ನೇ ದಿಟ್ಟಿಸಿತು. ಅವರ ಕೈ ನೋಡಿತು, ಗರಿ ಇದೆಯೇ ಎಂದು. ಆಮೇಲೆ ಒಡೆದ, ಒರಟು ಸ್ವರದಲ್ಲಿ, ಆದರೆ ಕಿಟಕಿಯ ಆಚೆಗೂ ಸ್ಪಷ್ಟವಾಗಿ ಕೇಳುವ ಹಾಗೆ ಹೇಳಿತು.

"ಹೋಗೇ."

ಡಾಕ್ಟರು ಮುಖ ತಿರುಗಿಸಿ ನಕ್ಕರು. ನರ್ಸು ಕನ್ನಡಕ ತೆಗೆದು ಒರೆಸಿದರು. ಅಜ್ಜಿ ಬಾಗಿಲಿನಿಂದಲೇ ಗದರಿದರು: "ದೊಡ್ಡೋರ್ಗೆ ಹಂಗನ್ಬಾರ್ದು ಕಣೇ." ಮಗು ಅವರ ಕಡೆಯೂ ತಿರುಗಿತು. "ನೀನೂ ಹೋಗೇ." ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡಿದರು, ಮಫ್ಲರಿನ ದಿನವೂ ಅಳದಿದ್ದವರು. "ಇನ್ನೊಂದ್ಸಲ ಅನ್ನು ತಲ್ಲಿ, ಇನ್ನೊಂದ್ಸಲ ಅನ್ನು."

ಊರಿನಲ್ಲಿ ಮಾತು ಬೇರೆಯಾಗಿ ಬೆಳೆಯಿತು. ಅತ್ತೆ ಸೊಸೆಯ ಮೇಲಿನ ಹಗೆಗೆ ಮಗುವಿನ ಕತ್ತು ಬಿಗಿದಳು, ನರ್ಸು ಅವಳನ್ನು ನೂಕಿ ಬೀಳಿಸಿ ಬಿಡಿಸಿದಳು ಎಂದು ಬಾವಿಯ ಕಟ್ಟೆಯಲ್ಲಿ ಹೇಳಿದವರಿದ್ದಾರೆ. ಅಜ್ಜಿ ಬದುಕಿರುವವರೆಗೂ ಅದು ಅವರ ಕಿವಿಗೆ ಬೀಳುತ್ತಲೇ ಇತ್ತು. ನಾನು ಕಂಡದ್ದು ಅದಲ್ಲ. ಬಿಗಿದದ್ದೂ ಇಲ್ಲ, ನೂಕಿದ್ದೂ ಇಲ್ಲ.

ಅಜ್ಜಿ ಈಗಿಲ್ಲ, ಡಾಕ್ಟರೂ ಇಲ್ಲ. ಅಕ್ಕ ಹೋದ ವರ್ಷ ತೀರಿಕೊಂಡಳು. ಆ ಬೆಳಿಗ್ಗೆ ಕೊಠಡಿಯಲ್ಲಿ ಇದ್ದವರಲ್ಲಿ ಇಬ್ಬರು ಉಳಿದಿದ್ದಾರೆ. ಒಬ್ಬಳು ಆ ಮಗು, ಶ್ರೀನಿವಾಸಪುರದಲ್ಲಿದ್ದಾಳೆ, ಮೊಮ್ಮಕ್ಕಳಿದ್ದಾರೆ. ಅವಳಿಗೆ ಆ ಬೆಳಗಿನ ನೆನಪಿಲ್ಲ. ಇನ್ನೊಬ್ಬರು ಆ ನರ್ಸು. ಕೆಲಸದಿಂದ ನಿವೃತ್ತರಾಗಿ ಕೋಲಾರದಲ್ಲೇ ತಂಗಿಯ ಮನೆಯಲ್ಲಿದ್ದಾರೆ, ಕಿವಿ ಮಂದವಾಗಿದೆ, ನೆನಪು ಚೆನ್ನಾಗಿದೆ. ಇದನ್ನು ಅವರಿಗೆ ಓದಿ ಹೇಳಿದೆ. ಮಫ್ಲರು ಹಸಿರಲ್ಲ, ಕಂದು ಎಂದರು. ಉಳಿದದ್ದೆಲ್ಲ ಸರಿ ಎಂದರು.